ಪದಬಂಧ ಬಿಡಿಸುವುದೋ, ತುಂಬುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಜಗಳ ಬಿಡಿಸಿಕೊಡಬೇಕು. ನಾನು ಮತ್ತು ನನ್ನ ಅತ್ತಿಗೆ ಒಂದೇ ಪದಬಂಧಕ್ಕೆ ಕೈಹಾಕುವವರು. ಮೊನ್ನೆ ‘ಬಿಡಿಸಿ ಆಯ್ತಾ ಅತ್ತಿಗೆ?’ ಅಂತ ಕೇಳಿದೆ. ‘ಬಿಡಿಸೋಕೆ ಅದೇನು ಹೂವಾ? ತುಂಬಿ ಆಯ್ತಾ ಅಂತ ಕೇಳು’ ಅಂದರು. ಖಾಲಿ ಮನೆ ಇದೆ, ಅಕ್ಷರ ಹಾಕುತ್ತೇವೆ, ಅದು ತುಂಬುವುದೇ ತಾನೇ ಅನ್ನುವುದು ಅವರ ವಾದ. ಮಾತು ಸರಿಯಾಗಿಯೇ ಇದೆ. ಆದರೂ ನನ್ನ ಬಾಯಿಗೆ ‘ಬಿಡಿಸು’ ಬಿಟ್ಟು ಬೇರೆ ಬರುವುದಿಲ್ಲ. ಯಾಕೆ ಅಂತ ಕೂತು ಯೋಚಿಸಿದೆ.

‘ಬಿಡು’ ಇಂದ ಬಂದ ‘ಬಿಡಿಸು’ ಮಾಡದ ಕೆಲಸ ಇಲ್ಲ. ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಅಡವಿಟ್ಟ ಒಡವೆ ಬಿಡಿಸುತ್ತೇವೆ. ಲೆಕ್ಕ ಬಿಡಿಸುತ್ತೇವೆ. ಏನೂ ಕಟ್ಟಿಹಾಕಿರದ ಬಿಳಿ ಹಾಳೆಯ ಮೇಲೆ ಚಿತ್ರವನ್ನೂ ಬಿಡಿಸುತ್ತೇವೆ, ಅದು ಹೇಗೆ ಬಂತು ಅನ್ನುವುದು ಇನ್ನೊಂದು ದಿನದ ಮಾತು. ಆದರೆ ಪದಬಂಧದ ಜೊತೆ ಅದು ಚೆನ್ನಾಗಿ ಹೊಂದುತ್ತದೆ. ಬಂಧ ಅಂದರೆ ಕಟ್ಟು. ಕಟ್ಟಿದ್ದನ್ನು ಬಿಡಿಸಬೇಕು, ಅಲ್ವಾ?

ಬಂಧ ಅನ್ನುವ ಮಾತು ಇಲ್ಲಿ ಸುಮ್ನೆ ಬಂದದ್ದಲ್ಲ ಅಂತ ನನಗನಿಸುತ್ತದೆ. ಹಳೆಯ ಚಿತ್ರಕಾವ್ಯದಲ್ಲಿ ಚಕ್ರಬಂಧ, ಮುರಜಬಂಧ, ಪದ್ಮಬಂಧ ಅಂತೆಲ್ಲ ಇದ್ದವು. ಪದ್ಯದ ಅಕ್ಷರಗಳನ್ನು ಒಂದು ಆಕಾರದೊಳಗೆ ಕೂರಿಸುವ ಆಟ. ಪದ್ಮಬಂಧದಲ್ಲಿ ಹೂವಿನ ನಡುವೆ ಇರುವ ಒಂದೇ ಅಕ್ಷರ ಎಲ್ಲ ಎಸಳಿಗೂ ಸಲ್ಲುತ್ತದೆ. ಒಂದು ಅಕ್ಷರ, ಹಲವು ದಾರಿ. ಅಡ್ಡ ಸಾಲೂ ಉದ್ದ ಸಾಲೂ ಒಂದು ಮನೆಯನ್ನು ಹಂಚಿಕೊಳ್ಳುವುದೂ ಅದೇ ಅಲ್ವಾ? ಇಂಗ್ಲಿಷಿನ ಹೆಸರಿಗಿಂತ ನಮ್ಮದೇ ಚೆನ್ನಾಗಿದೆ ಅಂತ ನನಗೆ ಸ್ವಲ್ಪ ಜಂಬ. ಅವರ ಹೆಸರು ಹುಟ್ಟಿದ್ದೇ ಎಡವಿ. ಆರ್ಥರ್ ವಿನ್ ಅನ್ನುವವರು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದ ಆಕಾರದ ಮೊದಲ ಪದಬಂಧ ಹಾಕಿದಾಗ ಅದರ ಹೆಸರು ‘ವರ್ಡ್-ಕ್ರಾಸ್’. ಕೆಲವು ವಾರ ಕಳೆದ ಮೇಲೆ ಅಚ್ಚಿನ ಮೊಳೆ ಜೋಡಿಸುವಾಗ ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. ಹಾಗೇ ಉಳಿಯಿತು.

ಇನ್ನು ‘ಸುಳಿವು’. ಇಂಗ್ಲಿಷಿನ ‘ಕ್ಲೂ’ ಮೊದಲು ನೂಲಿನ ಉಂಡೆಗಿದ್ದ ಹೆಸರು. ಗ್ರೀಕರ ಕತೆಯಲ್ಲಿ ಥೀಸಿಯಸ್ ನೂಲು ಬಿಡುತ್ತ ಒಳಗೆ ಹೋಗಿ, ಅದನ್ನೇ ಹಿಡಿದು ಚಕ್ರವ್ಯೂಹದಂಥ ಕಟ್ಟಡದಿಂದ ಹೊರಗೆ ಬರುತ್ತಾನೆ. ಅಲ್ಲಿಂದ ಈ ಅರ್ಥ. ನಮ್ಮ ಸುಳಿವು ಹಾಗಲ್ಲ. ಸುಳಿ ಅಂದರೆ ಅತ್ತಿತ್ತ ಓಡಾಡು. ‘ಅವನ ಸುಳಿವೇ ಇಲ್ಲ’ ಅನ್ನುತ್ತೇವಲ್ಲ, ಆ ಸುಳಿವು. ಯಾರೋ ಹಾದುಹೋದ ಗುರುತು ಅಷ್ಟೇ. ಕೈಗೆ ನೂಲು ಕೊಡುವುದಿಲ್ಲ, ಇಲ್ಲೇ ಎಲ್ಲೋ ಇದೆ ಅಂತ ಮಾತ್ರ ಹೇಳುತ್ತದೆ. ಕಷ್ಟದ ಪದಬಂಧ ಮಾಡಿದವರಿಗೆ ಯಾವ ಮಾತು ಹೆಚ್ಚು ನಿಜ ಅಂತ ಗೊತ್ತು!

ಸುಲಭದ ಪದಬಂಧದಲ್ಲಿ ‘ಅರಿವು (5)’ ಅಂತ ಇರುತ್ತದೆ, ಅಂದರೆ ಉತ್ತರಕ್ಕೆ ಐದು ಅಕ್ಷರ. ಸಮಾನಪದ ಹಾಕಿದರೆ ಮುಗಿಯಿತು. ಅದನ್ನು ತುಂಬುವುದು ಅನ್ನಲು ನನ್ನ ತಕರಾರಿಲ್ಲ. ‘ಮಂಗ ಹಿಂದೆ ತಿರುಗಿ ಹಾಡಿತು (2)’ ಅಂತ ಇದ್ದರೆ ಏನು ಮಾಡುತ್ತೀರಿ? ಹಾಡುವ ಮಂಗವನ್ನು ಹುಡುಕುತ್ತ ಕೂತರೆ ಕೆಟ್ಟಿರಿ. ಮಂಗ ಅಂದರೆ ಕಪಿ, ಹಿಂದೆ ತಿರುಗಿಸಿದರೆ ಪಿಕ, ಅಂದರೆ ಕೋಗಿಲೆ. ‘ಮಿಂಚು, ನದಿಯೇ! (2)’ ಅಂದರೆ ಹೊಳೆ. ಇಲ್ಲಿ ಮನೆ ತುಂಬುವುದು ಕಡೆಯ ಒಂದು ಕ್ಷಣದ ಕೆಲಸ. ಅದಕ್ಕೆ ಮೊದಲು ಸುಳಿವನ್ನು ಎಳೆ ಎಳೆಯಾಗಿ ಬಿಡಿಸಬೇಕು. ಉತ್ತರ ಬಂದ ಮೇಲೂ ಅದು ಹೇಗೆ ಬಂತು ಅಂತ ಪಕ್ಕದವರಿಗೆ ‘ಬಿಡಿಸಿ ಹೇಳಬೇಕು’. ಹಾಗಾಗಿ ನಾನು ಬಿಡಿಸುವುದು ಸುಳಿವನ್ನು, ಅತ್ತಿಗೆ ತುಂಬುವುದು ಮನೆಯನ್ನು. ಇಬ್ಬರೂ ಸರಿ ಅಂದುಬಿಡಬಹುದಿತ್ತು. ಅತ್ತಿಗೆ ಒಪ್ಪಲಿಲ್ಲ.

ಕನ್ನಡದ ಮನೆಗಳದ್ದು ಬೇರೆಯೇ ತೊಂದರೆ. ಇಂಗ್ಲಿಷಿನಲ್ಲಿ ಒಂದು ಮನೆಗೆ 26ರಲ್ಲಿ ಒಂದು ಅಕ್ಷರ. ನಮ್ಮಲ್ಲಿ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಮನೆ. ‘ಕ’ ಬರುತ್ತದೆ ಅಂತ ಗೊತ್ತಾದರೆ ಸಾಲದು, ಅದು ಕಾ, ಕಿ, ಕು, ಕ್ಕ, ಕಂ ಏನು ಬೇಕಾದರೂ ಆಗಬಹುದು. ರಚಿಸುವವರಿಗೆ ಇದು ಪ್ರಾಣಸಂಕಟ. ನಮಗೆ ಮಾತ್ರ ಲಾಭ. ಒಂದು ಅಕ್ಷರ ಸರಿಯಾಗಿ ಕೂತಿತು ಅಂದರೆ ಅರ್ಧ ಪದ ಕೈಗೆ ಬಂದ ಹಾಗೆ.

ತಪ್ಪಾಗಿ ಕೂತರೆ? ನನ್ನ ಕತೆ ಕೇಳಿ. ಮೇಲೆ ಹೇಳಿದ ‘ಅರಿವು’ಗೆ ನಾನು ‘ತಿಳುವಳಿಕೆ’ ಅಂತ ಬರೆದೆ. ಅದರ ಎರಡನೆಯ ಅಕ್ಷರದ ಮೇಲೆ ‘ಜಾಡು (3)’ ಹಾದುಹೋಗುತ್ತಿತ್ತು. ‘ಸುಳುಹು’ ಹಾಕಿದೆ. ‘ಳು’ ಮೇಲೆ ‘ಳು’ ಬಂದು ಕೂತಿತು, ನನಗೆ ಖುಷಿಯೋ ಖುಷಿ. ಕೆಳಗಿನ ಸಾಲಿನಲ್ಲಿ ‘ಉರಗ (2)’. ಅದರ ಮೊದಲ ಅಕ್ಷರ ‘ಇತಿಹಾಸ’ದಿಂದ ಇಳಿದ ‘ಹಾ’, ಎರಡನೆಯದು ಸುಳುಹುವಿನ ‘ಹು’. ಓದಿದರೆ ‘ಹಾಹು’! ಇತಿಹಾಸ ತಪ್ಪಿರಬೇಕು ಅಂತ ಅದನ್ನು ಅಳಿಸಿದೆ. ಆಮೇಲೆ ಅದನ್ನೇ ಮತ್ತೆ ಬರೆದೆ. ಹಾಳೆ ತೂತಾಗುವ ಹೊತ್ತಿಗೆ ಅತ್ತಿಗೆ ಬಗ್ಗಿ ನೋಡಿ, ‘ತಿಳಿವಳಿಕೆ ಕಣೋ, ಸುಳಿವು ಕಣೋ’ ಅಂದರು. ಎರಡೂ ರೂಪ ಬಳಕೆಯಲ್ಲಿವೆ, ಎರಡೂ ಸರಿ. ಎರಡು ಸರಿ ಸೇರಿ ಒಂದು ತಪ್ಪಾಗುವುದನ್ನು ನಾನು ಪದಬಂಧದಲ್ಲಿ ಮಾತ್ರ ಕಂಡಿದ್ದೇನೆ.

ಇಂಥ ಹೊತ್ತಲ್ಲಿ ರಚಿಸಿದವರ ಮೇಲೆ ಬರುವ ಸಿಟ್ಟು ಸಣ್ಣದಲ್ಲ. ಅವರಿಗೂ ಅದು ಗೊತ್ತು. ಇಂಗ್ಲೆಂಡಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ 1926ರಿಂದ ಕಠಿಣ ಪದಬಂಧ ಕೊಟ್ಟವರ ಅಂಕಿತ ‘ಟಾರ್ಕ್ವೆಮಾಡ’. 1939ರಿಂದ ‘ಸಿಮೆನೀಸ್’. ಎರಡೂ ಸ್ಪೇನಿನಲ್ಲಿ ಧರ್ಮದ ಹೆಸರಲ್ಲಿ ಜನರನ್ನು ವಿಚಾರಣೆಗೆ ಎಳೆದು ಹಿಂಸಿಸಿದ ಮಂಡಳಿಯ ಮುಖ್ಯಸ್ಥರ ಹೆಸರುಗಳು. 1972ರಿಂದ ಬಂದವರು ‘ಅಜೆಡ್’. ಅದೂ ಅಂಥ ಇನ್ನೊಬ್ಬ ಮುಖ್ಯಸ್ಥ ‘ಡೆಜಾ’ನ ಹೆಸರನ್ನು (Deza) ಇಂಗ್ಲಿಷ್ ಲಿಪಿಯಲ್ಲಿ ಹಿಂದಿನಿಂದ (Azed) ಬರೆದದ್ದು. ಹಿಂಸೆ ಕೊಡುತ್ತೇವೆ ಅಂತ ಹೆಸರಿನಲ್ಲೇ ಒಪ್ಪಿಕೊಂಡವರನ್ನು ಏನು ಬೈಯುವುದು!

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ಉತ್ತರ ಬಂದಾಗ ಅತ್ತಿಗೆ ‘ಹೊಳೀತು’ ಅನ್ನುತ್ತಾರೆ. ನಾನು ‘ಸಿಕ್ತು’ ಅನ್ನುತ್ತೇನೆ. ಗಮನಿಸಿ ನೋಡಿದರೆ ಈ ‘ಸಿಕ್ಕು’ ವಿಚಿತ್ರ ಪದ. ಉತ್ತರ ಸಿಕ್ಕಿತು ಅಂದರೆ ದೊರೆಯಿತು. ನಾನು ಸಿಕ್ಕಿಕೊಂಡೆ ಅಂದರೆ ಹೊರಗೆ ಬರಲಾರೆ. ಕೂದಲಿನ ಸಿಕ್ಕು, ನೂಲಿನ ಸಿಕ್ಕು ಅಂದರೆ ಗೋಜಲು. ಅದನ್ನೂ ನಾವು ಬಿಡಿಸುತ್ತೇವೆ! ಸಿಕ್ಕುವ ಸುಖಕ್ಕೂ ಸಿಕ್ಕಿಬೀಳುವ ಸಂಕಟಕ್ಕೂ ಒಂದೇ ಮಾತು. ಅರ್ಧ ಗಂಟೆ ಒಂದೇ ಸುಳಿವಿನ ಮುಂದೆ ಕೂತಾಗ ನಾನು ಸಿಕ್ಕಿಕೊಂಡಿರುತ್ತೇನೆ, ಮರುಕ್ಷಣ ಅದೇ ಸಿಕ್ಕಿರುತ್ತದೆ. ಆದರೆ ‘ಹೊಳೆ’ ಬೇರೆ. ಅಲ್ಲಿ ನನ್ನ ಶ್ರಮವೇ ಇಲ್ಲ, ಸ್ನಾನಕ್ಕೆ ಹೋದಾಗ ತಾನೇ ಬಂದು ಮಿಂಚಿದಂತೆ. ಕಷ್ಟದವು ಹೆಚ್ಚಾಗಿ ಬರುವುದೂ ಹಾಗೇ ಅನ್ನುವುದು ನಿಜ, ಆದರೂ ಅತ್ತಿಗೆಗೆ ಅದನ್ನು ಒಪ್ಪಿಕೊಡಲು ನನಗೆ ಇಷ್ಟವಿಲ್ಲ.

ನೀವು ಏನನ್ನುತ್ತೀರಿ? ಬೇರೆ ಮಾತಿದ್ದರೂ ತಿಳಿಸಿ. ಅಭಿಪ್ರಾಯ ಬೇಡ, ಪರೀಕ್ಷೆಯೇ ಆಗಲಿ. ಸುಳಿವು ಇದು: ‘ಮುಪ್ಪು ತಿರುಗಿ ಬಿದ್ದರೆ ದೊರೆ (2)’. ಉತ್ತರ ಬರೆಯಬೇಡಿ. ಗೊತ್ತಾದ ಕೂಡಲೇ ಬಾಯಿಗೆ ಬಂದದ್ದು ‘ಹೊಳೀತು’ ಅಂತಲೋ, ‘ಸಿಕ್ತು’ ಅಂತಲೋ, ಅದನ್ನಷ್ಟೇ ಬರೆಯಿರಿ.