ವಿಮಾನದ ಟಿಕೆಟ್ ಕೊಂಡ ಮೇಲೆ ಕ್ರೆಡಿಟ್ ಕಾರ್ಡಿನಿಂದ ಹಣ ಹೋಗಿದೆ, ಒಟಿಪಿ ಬಂದೇ ಇಲ್ಲ: ಹೊಣೆ ಯಾರದು?

ಪ್ರಶ್ನೆ: ಶಿಕ್ಷಕಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿದ್ದೇನೆ. ಕಾಶಿಗೆ ಹೋಗಿ ಬರಬೇಕೆಂಬುದು ತಂದೆ ತಾಯಿಯವರ ಬಹುದಿನದ ಆಸೆಯಾಗಿದ್ದುದರಿಂದ ಕಳೆದ ತಿಂಗಳು ಹೈದರಾಬಾದಿನಿಂದ ವಾರಾಣಸಿಗೆ ಆನ್‌ಲೈನ್‌ನಲ್ಲಿ ವಿಮಾನದ ಟಿಕೆಟ್ ಕೊಂಡೆ. ಉಳಿದ ಕಡೆಗಿಂತ ಎರಡು ಸಾವಿರ ರೂಪಾಯಿ ಕಡಿಮೆ ತೋರಿಸಿದ ಆ ಜಾಲತಾಣ ಹೊರದೇಶದ್ದೆಂದು ನನಗೆ ಗೊತ್ತಿರಲಿಲ್ಲ. ಮೊದಲ ಸಲ ಪಾವತಿ ಆಗಲಿಲ್ಲ; ಬ್ಯಾಂಕಿನ ಆ್ಯಪ್‌ನಲ್ಲಿ 'ಅಂತರರಾಷ್ಟ್ರೀಯ ವಹಿವಾಟು' ಎಂಬುದನ್ನು ಚಾಲೂ ಮಾಡಿದ ಮೇಲೆ ಒಟಿಪಿಯನ್ನೂ ಕೇಳದೆ ಆಗಿಹೋಯಿತು. ಟಿಕೆಟ್ ಸುಳ್ಳಾಗಿರಲಿಲ್ಲ. ಅಪ್ಪ, ಅಮ್ಮ ಸುಖವಾಗಿ ಹೋಗಿ, ಗಂಗಾಜಲದ ಗಿಂಡಿ ತಂದು ದೇವರ ಮುಂದೆ ಇಟ್ಟರು.

ಅವರು ಬಂದು ಹತ್ತು ದಿನವಾಗಿರಬಹುದು, ಬುಧವಾರ ಸಂಜೆ 87 ರೂಪಾಯಿ ಖರ್ಚಾಗಿದೆ ಎಂಬ ಸಂದೇಶ ಬಂತು. ಯಾವುದೋ ಚಂದಾ ಇರಬೇಕೆಂದು ಬಿಟ್ಟುಬಿಟ್ಟೆ. ಶುಕ್ರವಾರ ಬೆಳಗಿನ ಜಾವ 2.17ಕ್ಕೆ 41,300 ರೂಪಾಯಿ, 2.19ಕ್ಕೆ 38,650 ರೂಪಾಯಿ, ಎರಡೂ ಡಾಲರ್ ಲೆಕ್ಕದಲ್ಲಿ. ಆರು ಗಂಟೆಗೆ ಎದ್ದು ನೋಡಿದವಳೇ ಆ್ಯಪ್‌ನಲ್ಲಿ ಕಾರ್ಡನ್ನು ಬ್ಲಾಕ್ ಮಾಡಿದೆ. ಅಷ್ಟು ಮಾಡಿದರೆ ದೂರು ಕೊಟ್ಟಂತೆಯೇ ಎಂದು ತಿಳಿದಿದ್ದೆ. ಎರಡನೇ ಶನಿವಾರ, ಭಾನುವಾರ ಶಾಖೆ ಇರಲಿಲ್ಲ, ಸೋಮವಾರ ಪರೀಕ್ಷಾ ಕೆಲಸವಿತ್ತು, ಮಂಗಳವಾರ ಮಧ್ಯಾಹ್ನ ಶಾಖೆಗೆ ಹೋದೆ. "ಮೂರು ದಿನ ಮುಗಿದಿದೆ, ಬುಧವಾರವೇ ಹೇಳಬೇಕಿತ್ತು, ಒಟಿಪಿಯನ್ನು ನೀವೇ ಯಾರಿಗೋ ಕೊಟ್ಟಿರಬೇಕು" ಎಂದರು. ಬಾಯಲ್ಲಿ ಹೇಳಿದ್ದಷ್ಟೇ, ಬರವಣಿಗೆಯಲ್ಲಿ ಏನನ್ನೂ ಕೊಟ್ಟಿಲ್ಲ.

ಈ ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಮನೆಯ ಸ್ಥಿತಿ. ತಮ್ಮ ಯಾತ್ರೆಯಿಂದಲೇ ಮಗಳಿಗೆ ಹೀಗಾಯಿತೆಂದು ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಅಪ್ಪ ಅಂಚೆ ಕಚೇರಿಯ ಉಳಿತಾಯ ಖಾತೆಯಿಂದ ಎಂಬತ್ತು ಸಾವಿರ ತೆಗೆದು ತಂದು ಕಪಾಟಿನಲ್ಲಿ ಇಟ್ಟಿದ್ದಾರೆ. ನಿಜವಾಗಿಯೂ ಈ ಹಣವನ್ನು ನಾವು ಕಟ್ಟಲೇಬೇಕೆ?

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ರಾಯಚೂರು

ತಂಗೀ, ತಂದೆಯವರಿಗೆ ಹೇಳಿ, ಆ ಹಣವನ್ನು ಕಪಾಟಿನಿಂದ ತೆಗೆಯುವುದು ಬೇಡ. ಇದಕ್ಕೆ ಸ್ಪಷ್ಟವಾದ ನಿಯಮವಿದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ನಡುವೆ ಬೇರೆಲ್ಲೋ ಆಗಿದ್ದಾಗ, ಗ್ರಾಹಕರು ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಅವರ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ಕೆಲಸದ ದಿನದೊಳಗೆ ತಿಳಿಸಿದರೆ, ಐದು ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ ಅಥವಾ ಹೋದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ.

ಈಗ ದಿನ ಎಣಿಸೋಣ, ಏಕೆಂದರೆ ನಿಮ್ಮ ಪ್ರಕರಣ ನಿಂತಿರುವುದೇ ಇದರ ಮೇಲೆ. ಸಂದೇಶ ಬಂದ ದಿನವನ್ನು ಬಿಟ್ಟು, ನಿಮ್ಮ ಶಾಖೆಯ ಕೆಲಸದ ದಿನಗಳನ್ನು ಮಾತ್ರ ಎಣಿಸಬೇಕೆಂದು ಅದೇ ಸುತ್ತೋಲೆ ಹೇಳುತ್ತದೆ. ಶುಕ್ರವಾರ ಲೆಕ್ಕಕ್ಕಿಲ್ಲ. ಎರಡನೇ ಶನಿವಾರವೂ ಭಾನುವಾರವೂ ರಜೆ. ಸೋಮವಾರ ಒಂದು, ಮಂಗಳವಾರ ಎರಡು. ಎರಡನೇ ದಿನವೇ ನೀವು ಶಾಖೆಯಲ್ಲಿ ನಿಂತಿದ್ದೀರಿ. ಬುಧವಾರದ 87 ರೂಪಾಯಿಗೆ ಮಾತ್ರ ಗುರುವಾರ, ಶುಕ್ರವಾರ, ಸೋಮವಾರ ಕಳೆದು ಮಂಗಳವಾರ ನಾಲ್ಕನೇ ದಿನವಾಗುತ್ತದೆ. ಒಂದೊಂದು ವಹಿವಾಟಿಗೂ ಅದರದರ ಸಂದೇಶದಿಂದಲೇ ಎಣಿಕೆ ಎಂದು ನಾನು ಆ ಸುತ್ತೋಲೆಯನ್ನು ಓದಿಕೊಂಡಿದ್ದೇನೆ. ಹಾಗಾಗಿ ತಡವಾಯಿತೆಂದರೂ ನಿಮ್ಮ ತಲೆಗೆ ಬರುವುದು ಆ 87 ರೂಪಾಯಿ ಮಾತ್ರ.

"ನೀವೇ ಕೊಟ್ಟಿರಬೇಕು" ಎಂಬ ಮಾತಂತೂ ನಿಲ್ಲುವುದಿಲ್ಲ. ತಪ್ಪು ಗ್ರಾಹಕರದೆಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಒಟಿಪಿಯನ್ನೇ ಕಳುಹಿಸದಿದ್ದಾಗ ಅದನ್ನು ಹಂಚಿಕೊಂಡಿದ್ದೀರೆಂದು ಹೇಗೆ ಹೇಳುತ್ತಾರೆ? ನಾಳೆಯೇ ಎರಡು ಪ್ರತಿ ಅರ್ಜಿ ಬರೆಯಿರಿ: ಮೂರೂ ಸಂದೇಶಗಳ ದಿನಾಂಕ, ಗಳಿಗೆ, ಮೊತ್ತ, ಕಾರ್ಡ್ ಬ್ಲಾಕ್ ಮಾಡಿದ ಹೊತ್ತು, ಮಂಗಳವಾರ ಶಾಖೆಗೆ ಬಂದು ಹೇಳಿದ್ದು, ಎಲ್ಲವೂ ಇರಲಿ. ಒಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ, ಅದನ್ನೇ ಇಮೇಲ್‌ನಲ್ಲೂ ಕಳುಹಿಸಿ ದೂರಿನ ಸಂಖ್ಯೆ ಪಡೆಯಿರಿ. ನೀವು ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಕಾರ್ಡಿಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು. ವಿವಾದವಿಲ್ಲದ ನಿಮ್ಮ ಖರ್ಚನ್ನು ಮಾತ್ರ ಕೊನೆಯ ದಿನಾಂಕಕ್ಕೆ ಮುಂಚೆ ತಪ್ಪದೆ ಕಟ್ಟಿರಿ. ವಂಚನೆಯೆಂದು ತಕರಾರು ಹೂಡಿದ ಮೊತ್ತದ ಮೇಲೆ ಇತ್ಯರ್ಥವಾಗುವವರೆಗೆ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳಲ್ಲಿದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಉತ್ತರ 2: ಅಕ್ಕಿ ವ್ಯಾಪಾರಿ, ಸಿಂಧನೂರು

ಅಕ್ಕಾವರೇ, ನನ್ನ ಪ್ರಕರಣ ಬೇರೆ, ಆದರೂ ಹೇಳುತ್ತೇನೆ. ಬಸ್ ಟಿಕೆಟ್ ರದ್ದು ಮಾಡಲು ಗ್ರಾಹಕ ಸೇವೆಯ ಸಂಖ್ಯೆಯನ್ನು ಇಂಟರ್ನೆಟ್‌ನಲ್ಲಿ ಹುಡುಕಿ, ಸಿಕ್ಕ ಸಂಖ್ಯೆಗೆ ಕರೆ ಮಾಡಿದೆ. ಹಣ ವಾಪಸ್ ಹಾಕುತ್ತೇವೆಂದು ಒಂದು ಆ್ಯಪ್ ಹಾಕಿಸಿದರು. ನನ್ನ ಫೋನಿನ ಪರದೆ ಅವರಿಗೆ ಕಾಣುತ್ತಿತ್ತು, ಒಟಿಪಿಯೂ ಕಂಡಿತು. ಇಂಥದರಲ್ಲಿ ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ನಮ್ಮದೇ, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಅಂಗಡಿಯ ಹುಡುಗ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದ್ದರಿಂದ ಸ್ವಲ್ಪ ಭಾಗವಾದರೂ ಮುಂದಿನ ಖಾತೆಯಲ್ಲಿ ತಡೆಯಾಯಿತು. ನೀವೂ 1930ಕ್ಕೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ, ಸೈಬರ್ ಅಪರಾಧ ನೋಡಿಕೊಳ್ಳುವ ಬಳ್ಳಾರಿಯ ಸೆನ್ ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಹೋದ ಹಣ ಕೊಡಿಸುತ್ತೇವೆಂದು ಇನ್ನು ಯಾರಾದರೂ ಕರೆ ಮಾಡಿದರೆ ಮಾತನಾಡಲೇಬೇಡಿ; ನನಗೆ ಎರಡನೇ ಸಲ ಹಾಗೆಯೇ ಬಂದಿತ್ತು.

ಉತ್ತರ 3: ಸಾಫ್ಟ್‌ವೇರ್ ಕೆಲಸದವನು, ಕೊಪ್ಪಳ

ಟಿಕೆಟ್ ನಿಜವಾಗಿದ್ದರೂ ಕಾರ್ಡಿನ ವಿವರ ಹೇಗೆ ಹೋಯಿತು ಎಂಬುದನ್ನು ಮೇಡಂ ಅವರ ತಾಯಿಯವರಿಗಾದರೂ ತಿಳಿಸಬೇಕು, ತಪ್ಪು ಯಾತ್ರೆಯದಲ್ಲ. ಪಾವತಿ ಪುಟದೊಳಗೆ ಕಳ್ಳರು ಕೆಲವು ಸಾಲುಗಳ ಕೋಡ್ ಸೇರಿಸಿಬಿಟ್ಟರೆ, ನಾವು ಒತ್ತುವ ಹದಿನಾರು ಅಂಕಿ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿಯ ಸಿವಿವಿ, ಇಷ್ಟೂ ಅವರಿಗೂ ಒಂದು ಪ್ರತಿ ಹೋಗುತ್ತದೆ, ಟಿಕೆಟ್ಟೂ ನಮಗೆ ಬರುತ್ತದೆ. ದೊಡ್ಡ ಸಂಸ್ಥೆಗಳಿಗೂ ಇದು ಆಗಿದೆ. 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ಗ್ರಾಹಕರ ಕಾರ್ಡ್ ವಿವರಗಳು ಹೀಗೆಯೇ ಹೋದವು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಆ ಸಂಸ್ಥೆಗೆ ಎರಡು ಕೋಟಿ ಪೌಂಡ್ ದಂಡ ಹಾಕಿತು. ಅದೇ ವರ್ಷ ಟಿಕೆಟ್‌ಮಾಸ್ಟರ್‌ನ ಬ್ರಿಟನ್ ಶಾಖೆಗೂ 12.5 ಲಕ್ಷ ಪೌಂಡ್ ದಂಡವಾಯಿತು. ಪಾವತಿ ಪುಟದಲ್ಲಿ ಹೊರಗಿನವರಿಂದ ತಂದು ಹಾಕಿದ್ದ ಒಂದು ಚಾಟ್ ಸಾಧನವೇ ಅಲ್ಲಿ ಕಳ್ಳಗಿಂಡಿಯಾಗಿತ್ತು.

ಆ 87 ರೂಪಾಯಿಯು ಕಾರ್ಡ್ ಜೀವಂತವಾಗಿದೆಯೇ ಎಂದು ನೋಡುವ ಪರೀಕ್ಷೆಯಾಗಿರಬೇಕು, ದೊಡ್ಡ ಮೊತ್ತ ಅದರ ಹಿಂದೆಯೇ ಬರುತ್ತದೆ. ನಮ್ಮ ದೇಶದೊಳಗಿನ ಆನ್‌ಲೈನ್ ಪಾವತಿಗೆ ಒಟಿಪಿಯಂಥ ಎರಡನೇ ಪರಿಶೀಲನೆ ಇರುತ್ತದೆ, ಹೊರದೇಶದ ಅನೇಕ ವ್ಯಾಪಾರಿಗಳು ಅದನ್ನು ಕೇಳುವುದಿಲ್ಲ. ಹೊಸ ಕಾರ್ಡ್ ಬಂದಾಗ ಅಂತರರಾಷ್ಟ್ರೀಯ ವಹಿವಾಟನ್ನು ಮುಚ್ಚಿಯೇ ಇಡಿ. ಬೇಕಾದ ಹೊತ್ತಿಗೆ ತೆರೆದು, ಪಾವತಿ ಮುಗಿದ ಕೂಡಲೇ, ಆ ಪುಟದಿಂದ ಏಳುವ ಮೊದಲೇ, ಮತ್ತೆ ಮುಚ್ಚಿಬಿಡಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾಯಚೂರಿನ ಅಣ್ಣನವರು ಹೇಳಿದಂತೆಯೇ ದಿನಗಳನ್ನು ಒಂದೊಂದಾಗಿ ಎಣಿಸಿ ಅರ್ಜಿ ಬರೆದೆ. ಶಾಖೆಯವರು ಮೊದಲು ಮೊಹರು ಹಾಕಲು ಒಪ್ಪಲಿಲ್ಲ. ಸುತ್ತೋಲೆಯ ಪ್ರತಿಯನ್ನು ಮೇಜಿನ ಮೇಲಿಟ್ಟು ಅಲ್ಲಿಯೇ ಕುಳಿತ ಮೇಲೆ ಹಾಕಿಕೊಟ್ಟರು. ಒಂಬತ್ತನೇ ಕೆಲಸದ ದಿನ 79,950 ರೂಪಾಯಿ ತಾತ್ಕಾಲಿಕವಾಗಿ ಜಮಾ ಆಗಿದೆ, ಕೊನೆಯ ತೀರ್ಮಾನ ಇನ್ನೂ ಬರಬೇಕು, ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ. ಬ್ಯಾಂಕಿನ ಪತ್ರವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಮರುದಿನ ಬೆಳಿಗ್ಗೆ ಕಪಾಟಿನ ಹಣವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಅಂಚೆ ಕಚೇರಿಗೆ ಮರಳಿ ಕಟ್ಟಿ ಬಂದರು.