ವರ್ಷಕ್ಕೊಂದೇ ಪ್ರವಾಸ: ಮತ್ತೆ ಕುಮಟಾಕ್ಕಾ, ಈ ಸಲ ಲಡಾಖ್‌ಗಾ?

ದಾವಣಗೆರೆ ಟೇಲರಮ್ಮ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯೋ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಕೆಲಸ ಗೊತ್ತಲ್ಲ, ಯುಗಾದಿ ಆದ ಮೇಲೆ ಮದುವೆ ಸೀಸನ್, ಆಮೇಲೆ ವರಮಹಾಲಕ್ಷ್ಮಿ, ಗೌರಿ, ದಸರಾ, ದೀಪಾವಳಿ. ಕೈ ಖಾಲಿಯಾಗುವುದು ಆಷಾಢದಲ್ಲಿ. ಹಾಗಾಗಿ 2014ರಿಂದ ಪ್ರತಿ ಆಷಾಢ ಎಂಟು ದಿನ ಅಂಗಡಿ ಬಾಗಿಲು ಹಾಕಿ ಕುಮಟಾಕ್ಕೆ ಹೋಗುತ್ತೇವೆ. ನಾನು, ನಮ್ಮ ಮನೆಯವರು, ಮಗಳು. 2018ರಲ್ಲಿ ಒಮ್ಮೆ, ಕೊರೊನಾ ಬಂದಾಗ ಎರಡು ವರ್ಷ ತಪ್ಪಿತ್ತು.

ಮಳೆಗಾಲದಲ್ಲಿ ಕಡಲೂರಿಗೆ ಯಾರು ಹೋಗ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ನಮಗೆ ಅದೇ ಇಷ್ಟ. ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಮಂಜಿನಲ್ಲಿ ಮುಂದಿನ ತಿರುವೂ ಕಾಣುವುದಿಲ್ಲ. ಜುಲೈ ಮುಗಿಯುವ ತನಕ ದೊಡ್ಡ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಬೀಚಿನಲ್ಲಿ ಜನವೇ ಇಲ್ಲ. ನಾವು ಉಳಿಯುವುದು ಒಂದು ಹೆಂಚಿನ ಮನೆಯಲ್ಲಿ. ಆ ಮನೆಯ ಅಕ್ಕ ಕೆಸುವಿನ ಎಲೆ ತಂದು ಪತ್ರೊಡೆ ಮಾಡುತ್ತಾರೆ, ಸಂಜೆ ಕೆಂಡದ ಮೇಲೆ ಹಲಸಿನ ಹಪ್ಪಳ ಸುಡುತ್ತಾರೆ.

ನಾನು ಅಲ್ಲಿ ಕೌದಿ ಹೊಲಿಯುತ್ತೇನೆ. ವರ್ಷವೆಲ್ಲ ಮೆಷಿನ್ ತುಳಿಯುವವಳು, ಅಲ್ಲಿ ಮಾತ್ರ ಕೈ ಹೊಲಿಗೆ. ಅಕ್ಕ ಹಳೇ ಕಾಟನ್ ಸೀರೆ ತೆಗೆದಿಟ್ಟಿರುತ್ತಾರೆ. ಅಂಗಡಿಯಲ್ಲಿ ಉಳಿದ ಬಟ್ಟೆ ಚೂರನ್ನು ನಾನು ಚೀಲ ತುಂಬಾ ಒಯ್ಯುತ್ತೇನೆ. ಜಗಲಿಯಲ್ಲಿ ಸೀರೆಯನ್ನು ಮೂರು ಪದರ ಹಾಸಿ, ಮೇಲೆ ಚೂರು ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಒಳಗೆ ಬರಬೇಕು. ಮಳೆಯ ಥಂಡಿಗೆ ಬಟ್ಟೆ ಬಿಗಿಯಾಗಿ ಸೂಜಿ ಏಳುವುದಿಲ್ಲ. ಆಗ ಸೂಜಿಯನ್ನು ಎಣ್ಣೆ ಹಚ್ಚಿದ ತಲೆಗೂದಲಿಗೆ ಒಮ್ಮೆ ಸವರಿಕೊಂಡರೆ ಸಲೀಸು. ಆ ಕಡೆಯಿಂದ ಅಕ್ಕ, ಈ ಕಡೆಯಿಂದ ನಾನು. ಜಾಸ್ತಿ ಮಾತೂ ಇರುವುದಿಲ್ಲ. ಒಂದು ಕೌದಿ ಮುಗಿಯಲು ಎರಡು ಆಷಾಢ ಬೇಕು. ಈಗ ಅರ್ಧ ಆಗಿರುವುದೊಂದು ಅಲ್ಲೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಮಗಳ ಬಿಕಾಂ ಮುಗಿಯಿತು. ಆಗಸ್ಟ್‌ನಲ್ಲಿ ಪುಣೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಮೂವರೂ ಒಟ್ಟಿಗೆ ಎಂಟು ದಿನ ಸಿಗುವುದು ಇನ್ಯಾವಾಗಲೋ. ಅವಳಿಗೆ ಲಡಾಖ್ ನೋಡಬೇಕು ಅಂತ ಹೈಸ್ಕೂಲಿನಿಂದ ಆಸೆ. ನಿಜ ಹೇಳಬೇಕೆಂದರೆ ನನಗೂ ಆಸೆ. ನನಗೆ ನಲವತ್ತೇಳು, ಇನ್ನೂ ವಿಮಾನ ಹತ್ತಿಲ್ಲ. ಚೀಟಿ ಎತ್ತಿದ ದುಡ್ಡು 1,20,000 ಇದೆ. ಕುಮಟಾ ಆದರೆ 18,000ದಲ್ಲಿ ಮುಗಿಯುತ್ತದೆ.

ಭಯ ಎರಡು. ನಮ್ಮ ಮನೆಯವರಿಗೆ ಬಿಪಿ ಇದೆ, ಮಾತ್ರೆ ತಗೊಳ್ತಾರೆ. ಇನ್ನೊಂದು, 2018ರಲ್ಲಿ ಕುಮಟಾ ಬಿಟ್ಟು ಪ್ಯಾಕೇಜಿನಲ್ಲಿ ಶಿಮ್ಲಾ, ಮನಾಲಿಗೆ ಹೋಗಿದ್ದೆವು. ದಿನಾ ಬೆಳಗ್ಗೆ ಐದಕ್ಕೆ ಎಬ್ಬಿಸಿ ಬಸ್ಸಿಗೆ ಹತ್ತಿಸುತ್ತಿದ್ದರು. ಊರಿಗೆ ಬಂದ ಮೇಲೆ ಯಾವ ದಿನ ಎಲ್ಲಿದ್ದೆವು ಅಂತಲೇ ನೆನಪಾಗಲಿಲ್ಲ. ಮಗಳ ಜೊತೆಗಿನ ಈ ಎಂಟು ದಿನವೂ ಹಾಗೇ ಹೋಗಿಬಿಟ್ಟರೆ? ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

ನಿವೃತ್ತ ಮೇಷ್ಟ್ರು:

ತಾಯಿ, ಬಿಪಿ ಇರುವವರನ್ನು ಅಷ್ಟು ಎತ್ತರಕ್ಕೆ ಯಾಕೆ ಕರೆದೊಯ್ಯುತ್ತೀರಿ? ಮಗಳು ಗೆಳತಿಯರ ಜೊತೆ ಲಡಾಖ್‌ಗೆ ಹೋಗಲಿ, ನೀವಿಬ್ಬರು ಕುಮಟಾಕ್ಕೆ ಹೋಗಿ. ಎರಡೂ ಆಯಿತು.

ಹುಬ್ಳಿ ರೈಡರ್:

ಅಕ್ಕಾರೆ, ನಾನು ಎರಡು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಬೈಕಿನಲ್ಲಿ, ಇನ್ನೊಮ್ಮೆ ಅಪ್ಪ ಅಮ್ಮನ ಜೊತೆ. ನಮ್ಮಪ್ಪನಿಗೂ ಬಿಪಿ ಇದೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಆಷಾಢ ಅಂದರೆ ಲಡಾಖಿಗೆ ಹೋಗಲು ಸರಿಯಾದ ಕಾಲ. ಹಿಮಾಲಯ ಅಡ್ಡ ಇರುವುದರಿಂದ ಮುಂಗಾರಿನ ಮೋಡ ಆ ಕಡೆ ದಾಟುವುದು ಕಡಿಮೆ. ಇಲ್ಲಿ ಮಳೆ ಹೊಡೆಯುವಾಗ ಅಲ್ಲಿ ಬಿಸಿಲು.

ಎತ್ತರದ ಮಾತು ಸುಮ್ನೆ ಅಲ್ಲ. ಲಡಾಖಿನ ಮುಖ್ಯ ಊರು ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲ ದಂಡೆಯ ಮೂರನೇ ಎರಡು ಪಾಲು. ವಿಮಾನದಲ್ಲಿ ಹೋದರೆ ದೆಹಲಿಯಿಂದ ಒಂದೂವರೆ ತಾಸಿನಲ್ಲಿ ಅಲ್ಲಿ ಇಳಿಸಿಬಿಡುತ್ತಾರೆ, ಮೈ ಒಗ್ಗಿಕೊಳ್ಳಲು ಟೈಮೇ ಸಿಗಲ್ಲ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಯಾರಿಗಾದರೂ ಆಗಬಹುದು. ಅದಕ್ಕೆ ಮೊದಲ ಎರಡು ದಿನ ಎಲ್ಲೂ ಹೋಗಬೇಡಿ. ರೂಮು, ಅಂಗಳ, ಹತ್ತಿರದ ಮಾರ್ಕೆಟ್, ಅಷ್ಟೇ. ಕೂತು ಕೌದಿ ಹೊಲಿಯಿರಿ, ನಿಜವಾಗಲೂ ಹೇಳುತ್ತಿದ್ದೇನೆ. ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಕೆಳಗೆ ಇಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ಎತ್ತರಕ್ಕೆ ಮೈ ಒಗ್ಗಲು ತಗೊಳ್ಳುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಬಿಪಿ ನೋಡುವ ಡಾಕ್ಟರನ್ನೇ ಕೇಳಿ. ಅವರು ಬೇಡ ಅಂದರೆ ಈ ಪ್ರವಾಸವನ್ನು ಅಲ್ಲಿಗೇ ಬಿಡಿ.

ಇನ್ನು ಎಂಟು ದಿನದ ಲೆಕ್ಕ. ಹೋಗಿ ಬರಲು ಎರಡು, ಸುಧಾರಿಸಿಕೊಳ್ಳಲು ಎರಡು. ಉಳಿಯುವುದು ನಾಲ್ಕೇ. ಪ್ಯಾಂಗಾಂಗ್, ತ್ಸೋ ಮೊರಿರಿ ಸರೋವರ, ಎಲ್ಲವನ್ನೂ ತುರುಕಬೇಡಿ, ಮತ್ತೆ ಅದೇ ಪ್ಯಾಕೇಜ್ ಬಸ್ಸಾಗುತ್ತದೆ. ನುಬ್ರಾ ಕಣಿವೆ ಒಂದೇ ಸಾಕು ಅನ್ನುತ್ತೇನೆ. ದಾರಿಯಲ್ಲಿ ಖಾರ್ದುಂಗ್ ಲಾ ಕಣಿವೆದಾರಿ ದಾಟಬೇಕು. ಬೋರ್ಡಿನಲ್ಲಿ 18,380 ಅಡಿ ಅಂತ ಬರೆದಿದ್ದರೂ ಅಳೆದಾಗ ಸಿಕ್ಕ ನಿಜವಾದ ಎತ್ತರ 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಅದೂ ಕಡಿಮೆಯಲ್ಲ. ಹತ್ತು ನಿಮಿಷ ನಿಂತು ಮುಂದೆ ಹೋಗಿ. ನುಬ್ರಾದ ಹುಂದರ್ ಲೇಹ್‌ಗಿಂತ ತಗ್ಗಿನಲ್ಲಿದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಮರಳು ದಿಬ್ಬ, ಎರಡು ಡುಬ್ಬದ ಒಂಟೆ ಅಲ್ಲೇ.

ಆಗುತ್ತದೆ ಅನ್ನಿಸಿದರೆ ತುರ್ತುಕ್‌ಗೆ ಹೋಗಿ. 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ ಬಾಲ್ಟಿ ಜನರ ಊರು. ನಾವು ಹೋದಾಗ ಜರ್ದಾಳು ಹಣ್ಣಿನ ಕಾಲ. ನಮ್ಮ ಕಡೆ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗಿಸುವಂತೆ ಅಲ್ಲಿ ಜರ್ದಾಳು ಹರವಿದ್ದರು. ಒಬ್ಬ ಅಜ್ಜಿ ಕಲ್ಲಿನಿಂದ ಬೀಜ ಒಡೆದು ಒಳಗಿನ ತಿರುಳನ್ನು ನಮ್ಮವ್ವನ ಕೈಗಿಟ್ಟಳು. ಭಾಷೆ ಬರದೆ ಇಬ್ಬರೂ ಅರ್ಧ ತಾಸು ಕೂತು ಬೀಜ ಒಡೆದರು. ನಮ್ಮವ್ವ ಈಗಲೂ ಹೇಳುವುದು ಆ ಅಜ್ಜಿಯ ಸುದ್ದಿ.

ಸಿಮ್ ಪೋಸ್ಟ್‌ಪೇಯ್ಡ್ ಇರಲಿ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ.

ಅಘನಾಶಿನಿ ದಂಡೆಯವ:

ನಾನು ಕುಮಟಾ ಕಡೆಯವ. ನಮ್ಮೂರನ್ನು ಆಷಾಢದಲ್ಲಿ ಹುಡುಕಿಕೊಂಡು ಬರುವವರು ಇದ್ದಾರೆ ಅಂತ ಓದಿ ಖುಷಿಯಾಯಿತು ಅಕ್ಕ.

ಆದರೆ ನೀವು ಒಂದನ್ನು ಮರೆತಿದ್ದೀರಿ. ಧನುರ್ಮಾಸದಲ್ಲೂ ಮದುವೆ ಇಲ್ಲ ಅಲ್ವಾ? ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕ ನಿಮ್ಮ ಅಂಗಡಿಯೂ ತಣ್ಣಗಿರಬೇಕು. ಎಂಟು ದಿನ ಬೇಡ, ಮೂರು ದಿನ ಬನ್ನಿ. ಹೊಸ ವರ್ಷದ ವಾರ ಒಂದು ಬಿಟ್ಟುಬಿಡಿ, ಗೋಕರ್ಣದ ಕಡೆ ಕಾಲಿಡಲು ಜಾಗ ಇರುವುದಿಲ್ಲ.

ಇಷ್ಟು ವರ್ಷ ಬಂದರೂ ನೀವು ನೋಡಿರುವುದು ನಮ್ಮೂರಿನ ಒಂದೇ ಮುಖ. ಮಳೆಯಲ್ಲಿ ಹೊಳೆ ದಂಡೆಯ ಗಜನಿ ಗದ್ದೆಯಲ್ಲಿ ಕಗ್ಗ ಭತ್ತದ ಸಸಿ ನೋಡಿರುತ್ತೀರಿ. ಉಪ್ಪುನೀರನ್ನೂ ತಡೆದುಕೊಳ್ಳುವ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಡುತ್ತಾರೆ, ಸಿಗಡಿ, ಮೀನು ಬೆಳೆಯುತ್ತದೆ. ಅಘನಾಶಿನಿ ಹೊಳೆ ಇಳಿತದಲ್ಲಿದ್ದಾಗ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು, ಕಾಲಿನಲ್ಲೇ ತಡಕಿ ಬಳಚು ಅನ್ನೋ ಚಿಪ್ಪುಮೀನು ಎತ್ತುತ್ತಾರೆ. ಆಚೆ ದಂಡೆಯ ತದಡಿಗೆ ದೋಣಿಯಲ್ಲಿ ದಾಟಬಹುದು. ಯಾಣಕ್ಕೂ ಆಗ ಕಾಲು ಜಾರದೆ ಹತ್ತಬಹುದು. ನಿಮಗೆ ಅದೂ ಹೊಸ ಊರೇ.

ಲಡಾಖಿಗೆ ಹೋಗುವುದನ್ನು ಆ ಅಕ್ಕನಿಗೆ ನೀವೇ ಫೋನ್ ಮಾಡಿ ಹೇಳಿ. ಸುದ್ದಿ ಇಲ್ಲದಿದ್ದರೆ ಅವರು ದಾರಿ ನೋಡುತ್ತಾ ಕೂತಿರುತ್ತಾರೆ.

ದಾವಣಗೆರೆ ಟೇಲರಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಯಿತು. ಆದರೆ ಅವಳನ್ನು ಬೇರೆ ಕಳಿಸಿ ನಾವು ಬೇರೆ ಹೋಗಲು ನನಗೆ ಮನಸ್ಸಿಲ್ಲ. ಊರಿಗಿಂತ ನನಗೆ ಆ ಎಂಟು ದಿನ ಮುಖ್ಯ.

ನಿನ್ನೆ ಡಾಕ್ಟರ್ ಹತ್ತಿರ ಹೋಗಿದ್ದೆವು. ಇಸಿಜಿ, ರಕ್ತ ಪರೀಕ್ಷೆ ಮಾಡಿಸಿದರು. ಬಿಪಿ ಹಿಡಿತದಲ್ಲಿದೆ, ಹೋಗಬಹುದು, ಎರಡು ದಿನದ ವಿಶ್ರಾಂತಿ ಮಾತ್ರ ತಪ್ಪಿಸಬೇಡಿ ಅಂದರು. ಹುಬ್ಳಿ ತಮ್ಮ ಹೇಳಿದ ಹಾಗೆ ಲೇಹ್, ನುಬ್ರಾ ಎರಡೇ. ಪ್ಯಾಂಗಾಂಗ್ ಬಿಟ್ಟಿದ್ದಕ್ಕೆ ಮಗಳು ಸ್ವಲ್ಪ ಮುಖ ಸಣ್ಣ ಮಾಡಿದಳು. ಅಪ್ಪನ ರಿಪೋರ್ಟ್ ಓದಿ ಅವಳೇ ಬೇಡ ಅಂದಳು.

ಕುಮಟಾದ ಅಕ್ಕನಿಗೆ ಫೋನ್ ಮಾಡಿದೆ. ಹೇಳುವಾಗ ನನಗೇ ಗಂಟಲು ಕಟ್ಟಿತು. ಅವರು ಒಂದು ಕ್ಷಣ ಸುಮ್ಮನಿದ್ದು, "ಹೋಗಿ ಬನ್ನಿ, ಕೌದಿಗೆ ಇಲಿ ಬೀಳದ ಹಾಗೆ ಟ್ರಂಕಿನಲ್ಲಿ ಇಡ್ತೆ" ಅಂದರು. ಧನುರ್ಮಾಸಕ್ಕೆ ಬರುತ್ತೇವೆ ಅಂದೆ. "ಆಗ ಜಗಲಿಗೆ ಬಿಸಿಲು ಬೀಳ್ತದೆ, ಹೊಲಿಗೆ ಚೆಂದ ಕಾಣ್ತದೆ" ಅಂದರು. ಈ ಮಳೆಗಾಲ ತಾವೊಬ್ಬರೇ ಹೊಲಿಯುವುದಿಲ್ಲವಂತೆ, ನನ್ನ ಕಡೆಯದನ್ನು ಹಾಗೇ ಬಿಟ್ಟಿರುತ್ತಾರಂತೆ.

ಹುಬ್ಳಿ ತಮ್ಮ, ಇನ್ನೊಂದು ಕೇಳಬೇಕಿತ್ತು. ಜುಲೈನಲ್ಲಿ ರಾತ್ರಿ ಎಷ್ಟು ಚಳಿ ಇರುತ್ತದೆ? ಮನೆಯಲ್ಲಿ ಮುಗಿದಿರುವ ಕೌದಿ ನಾಲ್ಕಿವೆ. ಒಂದನ್ನು ಹೊದೆಯಲು ಒಯ್ಯಲಾ, ಇಲ್ಲ ಭಾರ ಆಗುತ್ತದಾ?