ಕಾರು ಬದಲಿಸಬೇಕೋ, ಓಡಾಟವನ್ನೇ ಬದಲಿಸಬೇಕೋ?

ಪ್ರಶ್ನೆ: ಬೆಂಗಳೂರಿನ ಚಂದ್ರಾ ಲೇಔಟ್‌ನಿಂದ ವೈಟ್‌ಫೀಲ್ಡ್‌ನ ಕಚೇರಿಗೆ ದಿನವೂ ಒಬ್ಬನೇ ಪೆಟ್ರೋಲ್ ಕಾರಿನಲ್ಲಿ ಹೋಗಿಬರುತ್ತೇನೆ. ಇಂಗಾಲದ ಹೊರಸೂಸುವಿಕೆ ತಗ್ಗಿಸಲು ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆಯಿದೆ. ಅನುಭವವುಳ್ಳವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ: ಅದೇ ದಾರಿಯಲ್ಲಿ ಆರು ವರ್ಷ ಕಾರು ಓಡಿಸಿದವನಾಗಿ, ಮೊದಲು ಒಂದು ಲೆಕ್ಕ ಹಾಕಿ ನೋಡಿರೆಂದು ಕೇಳಿಕೊಳ್ಳುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಲ್ಲಿನ ದಟ್ಟಣೆಯಲ್ಲಿ ನನ್ನ ಕಾರು ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದುದರಿಂದ, ಹೋಗಿಬರುವ 50 ಕಿ.ಮೀ.ಗೆ ದಿನಕ್ಕೆ ಹೆಚ್ಚುಕಡಿಮೆ 9.5 ಕೆ.ಜಿ. ಆಗುತ್ತಿತ್ತು. ಅಷ್ಟೇ ದೂರಕ್ಕೆ ಎಲೆಕ್ಟ್ರಿಕ್ ಕಾರಿಗೆ ಏಳೆಂಟು ಯೂನಿಟ್ ಬೇಕು. ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುವುದರಿಂದ, ಯೂನಿಟ್ಟಿಗೆ 0.7 ಕೆ.ಜಿ.ಯಂತೆ ಹಿಡಿದರೂ ದಿನಕ್ಕೆ ಐದು ಕೆ.ಜಿ. ಹೊರಬಿದ್ದೇ ಬೀಳುತ್ತದೆ. ಬ್ಯಾಟರಿ ತಯಾರಿಕೆಯ ಲೆಕ್ಕ ಬೇರೆ.

2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಉಳಿದಿದ್ದ ಮೆಟ್ರೊ ಮಾರ್ಗದ ಸುಮಾರು ಎರಡು ಕಿ.ಮೀ. ಕೊಂಡಿ ಕೂಡಿದ ಮೇಲೆ, ವಿಜಯನಗರದಲ್ಲಿ ಹತ್ತಿದವರು ರೈಲು ಬದಲಿಸದೆ ವೈಟ್‌ಫೀಲ್ಡ್‌ನ ಕಾಡುಗೋಡಿಯವರೆಗೂ ಹೋಗಬಹುದಾಯಿತು. ನಾನು ಆಗ ಮೆಟ್ರೊಗೆ ಬಂದೆ. ಅದೂ ಅದೇ ವಿದ್ಯುತ್ತಿನಲ್ಲಿ ಓಡುತ್ತದೆಯಾದರೂ, ಒಂದೊಂದು ರೈಲಿನ ಖರ್ಚು ನೂರಾರು ಜನರ ನಡುವೆ ಹಂಚಿಹೋಗುತ್ತದೆ. ನಿಜವಾದ ಕಷ್ಟವಿರುವುದು ಎರಡು ತುದಿಗಳಲ್ಲಿ. ಪಟ್ಟಂದೂರು ಅಗ್ರಹಾರ ನಿಲ್ದಾಣದಿಂದ ನನ್ನ ಕಚೇರಿಗೆ ಎರಡು ಕಿ.ಮೀ. ನಡಿಗೆ, ಪಾದಚಾರಿ ಮಾರ್ಗ ಅಲ್ಲಲ್ಲಿ ಕಿತ್ತುಹೋಗಿದ್ದುದರಿಂದ ಮರುವರ್ಷದ ಮಳೆಗಾಲದಲ್ಲಿ ಎರಡು ತಿಂಗಳು ಮತ್ತೆ ಕಾರನ್ನೇ ಹಿಡಿದೆ. ಆಮೇಲೆ ಸಹೋದ್ಯೋಗಿಗಳು ಮೂವರು ಸೇರಿ, ಒಂಬತ್ತು ಗಂಟೆಗೆ ನಿಲ್ದಾಣದ ಕೆಳಗೆ ಬಂದು ನಿಲ್ಲುವಂತೆ ಒಬ್ಬ ಆಟೊದವರೊಂದಿಗೆ ಮಾತಾಡಿಕೊಂಡೆವು. ಆ ಒಂದು ಏರ್ಪಾಡು ಇಲ್ಲದಿದ್ದರೆ ನಾನು ಇಂದಿಗೂ ಕಾರಿನಲ್ಲೇ ಇರುತ್ತಿದ್ದೆ.

ಇನ್ನೊಬ್ಬರ ಅನುಭವ: ಮಗಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗಬೇಕಾದ ನನಗೆ ಮನೆಯಿಂದಲೇ ಬಸ್ಸು ಹಿಡಿಯಲು ಆಗುವುದಿಲ್ಲ. ಆದ್ದರಿಂದ ಎಲೆಕ್ಟ್ರಿಕ್ ಕಾರಿನ ಬದಲು ಎಲೆಕ್ಟ್ರಿಕ್ ಸ್ಕೂಟರ್ ಕೊಂಡು, ಶಾಲೆಯ ಮೂಲಕ ವಿಜಯನಗರ ನಿಲ್ದಾಣ ತಲುಪಿ, ಅಲ್ಲಿ ನಿಲ್ಲಿಸಿ ಮೆಟ್ರೊ ಹತ್ತುತ್ತೇನೆ. ಒಂದು ಯೂನಿಟ್ಟಿಗೆ ಸ್ಕೂಟರ್ ಮೂವತ್ತು ಕಿ.ಮೀ. ಓಡುತ್ತದೆ. ಹಳೆಯ ಕಾರನ್ನು ಮಾರಿಲ್ಲ, ಏಕೆಂದರೆ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಅದು ಬೇಕೇ ಬೇಕು. ಆದರೆ ವಾರಕ್ಕೆ ಐದು ದಿನ ರಸ್ತೆಗಿಳಿಯುತ್ತಿದ್ದ ಆ ಕಾರು ಈಗ ತಿಂಗಳಿಗೆ ಮೂರು ಬಾರಿ ಇಳಿದರೆ ಹೆಚ್ಚು. ತಾವೂ ಮುಂಗಡ ಕಟ್ಟುವ ಮೊದಲು ಒಂದು ತಿಂಗಳು ಹೀಗೆ ಓಡಾಡಿ ನೋಡಿ. ಕಚೇರಿಗೆ ಯಾವ ನಿಲ್ದಾಣ ಹತ್ತಿರವೆಂದು ತಿಳಿಸಿದರೆ, ಅಲ್ಲಿಂದ ಮುಂದಿನ ದಾರಿ ಬಲ್ಲವರು ಹೇಳಬಹುದು.